ಬಚ್ಚಲ ನೀರಿನ ಬಳ್ಳಿ

ಮುರಗೋಡದ ನಮ್ಮ ಓಣಿಯಲ್ಲಿ ‘ಗೊತ್ತಿಲ್ಲ’ ಎನ್ನುವ ಮಾತು ಗಂಡಸರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಬೆಳಗಾದರೆ ವೇದ, ಮಧ್ಯಾಹ್ನವಾದರೆ ಊಟ, ಊಟವಾದರೆ ನಿದ್ದೆ, ಸಂಜೆಯಾದರೆ ಕಟ್ಟೆಯ ಮೇಲೆ ಕುಳಿತು ಮುಂಬಯಿ ಸರಕಾರಕ್ಕೆ ಬುದ್ಧಿ ಹೇಳುವುದು. ಇಂಥ ಎಲ್ಲ ಬಲ್ಲವರ ಓಣಿಯ ನಟ್ಟನಡುವೆ, ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಯಾರಿಗೂ ಗುರುತು ಹತ್ತದ ಒಂದು ಬಳ್ಳಿ ಹಬ್ಬಿತು. ಗಾಂಧಿಯವರು ಹೋಗಿ ಐದು ವರ್ಷವಾಗಿದ್ದ ಕಾಲದ ಮಾತು.

ಮೊದಲ ವರ್ಷ ಅದು ಎರಡು ಗೇಣು ಎದ್ದು ಚಳಿಗಾಲದಲ್ಲಿ ಒಣಗಿ ಹೋಗಿತ್ತು. ಕಳೆ ಎಂದುಕೊಂಡೆವು. ಮರು ವರ್ಷ ಬೇಸಿಗೆ ಬರುತ್ತಲೇ ಮತ್ತೆ ಚಿಗುರಿ, ದನದ ಕೊಟ್ಟಿಗೆಯ ಮಾಡು ಹತ್ತಿ, ಹಗ್ಗ ಕಟ್ಟಿದ ಕಡೆಗೆಲ್ಲ ಹಬ್ಬಿತು. ಎಲೆ ಮುಟ್ಟಿದರೆ ಒರಟು. ಹೂ ಬಿಳಿ. ಕಾಯಿ ತೊಂಡೆಕಾಯಿಯ ಅಣ್ಣನಂತೆ ದಪ್ಪ, ಹಸಿರು ಮೈಮೇಲೆ ಬಿಳಿ ಗೆರೆ, ಎರಡೂ ಕಡೆ ಚೂಪು.

ನಮ್ಮ ಮಾವ ತ್ರ್ಯಂಬಕಭಟ್ಟರು ಪಂಚಾಂಗ ಹೇಳಿ, ಮುಂಜಿ ಮದುವೆ ಮಾಡಿಸಿ ಮನೆ ನಡೆಸುವವರು. ಅವರು ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ಹಿಂದೆ ಮುಂದೆ ನೋಡಿದರು. ಯಜಮಾನರ ಮನೆಯಲ್ಲಿ ಕೊಟ್ಟ ದಕ್ಷಿಣೆಯನ್ನು ನೋಡುವ ಹಾಗೆಯೇ ನೋಡಿದರು.

“ಏನು ಇದು?” ಎಂದರು.

ನನ್ನ ಗಂಡ ಬಾಳಕೃಷ್ಣ ಸಾಲಿ ಮಾಸ್ತರ. ಕನ್ನಡಕ ಏರಿಸಿ, ಎಲೆಯ ಬೆನ್ನು ಹೊಟ್ಟೆ ಎರಡೂ ನೋಡಿ, “ಇದು ಸೌತಿಕಾಯಿ ಕುಲದ್ದು” ಎಂದರು. ಅಷ್ಟನ್ನು ನಮ್ಮ ಆಕಳೂ ಹೇಳುತ್ತಿತ್ತು. ಪಾಪ, ಅದಕ್ಕೆ ಸರಕಾರದ ಸಂಬಳವಿಲ್ಲ.

ಓಣಿಯ ಕಟ್ಟೆಗೆ ಕಾಯಿ ಹೋಯಿತು. ಒಬ್ಬರು ವಿಷ ಎಂದರು, ಒಬ್ಬರು ಹಿಮಾಲಯದ ಮೂಲಿಕೆ ಎಂದರು, ಹಿಮಾಲಯವನ್ನು ಇವರು ಗೋಡೆಯ ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ. ಸಂತೆಗೆ ಕಾಯಿಪಲ್ಲೆ ತರುವ ರಾಮವ್ವನನ್ನು ನಾನೇ ಕರೆದು ತೋರಿಸಿದೆ. ಆಕೆ ಮೂಸಿದಳು, ಉಗುರಿನಿಂದ ಗೀರಿದಳು.

“ತೊಂಡಿಕಾಯಿ ಅಲ್ರೀ ಅವ್ವಾರ. ತೊಂಡಿಕಾಯಿಗೆ ಇಷ್ಟು ಸೊಕ್ಕು ಇರಂಗಿಲ್ಲ. ನನಗಂತೂ ತಿಳೀವಲ್ದು” ಎಂದಳು. ಇಡೀ ಊರಿನಲ್ಲಿ ನಿಜ ಹೇಳಿದವಳು ಆಕೆ ಒಬ್ಬಳೇ. ಹೇಳಿ ಬುಟ್ಟಿ ಹೊತ್ತು ಹೋದಳು.

ಮಾವನವರು ಕೊನೆಗೆ ತೀರ್ಪು ಕೊಟ್ಟರು. “ಹೆಸರಿಲ್ಲದ್ದು ನನ್ನ ಮನಿ ಒಲಿ ಮ್ಯಾಲೆ ಏರೂದಿಲ್ಲ. ನಾಳೆ ಯಾರರೆ ಏನು ಉಂಡ್ರಿ ಅಂತ ಕೇಳಿದರ ಏನು ಹೇಳೂದು? ಶ್ರಾವಣ ಬರೂದರಾಗ ಇದು ಏನಂತ ಗೊತ್ತಾಗಲಿಲ್ಲಂದರ ಬೇರು ಸಹಿತ ಕಿತ್ತು ಒಗೀರಿ. ಹಿತ್ತಲದಾಗ ಹಾವು ಸೇರತಾವ.”

ಇದನ್ನು ಕೇಳಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಂದರಾ ಅತ್ಯಾ ಅವರ ಮುಖ ಇಳಿದುಹೋಯಿತು. ನಾನು ನೋಡಿದೆ.

ಅತ್ಯಾ ಎಂದರೆ ಮಾವನವರ ಅಕ್ಕ ಸುಂದರಾಬಾಯಿ. ಗಂಡ ಸತ್ತ ಮೇಲೆ ರಾಮದುರ್ಗದ ಅತ್ತೆಮನೆಯವರು ಅವರ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ತಮ್ಮನ ಮನೆಗೆ ಕಳಿಸಿ ಕೈತೊಳೆದುಕೊಂಡಿದ್ದರು. ಮಕ್ಕಳಿಲ್ಲ. ಅಂದಿನಿಂದ ನಮ್ಮ ಮನೆಯ ಒಲೆ ಅವರದು. ಬೆಳಗಿನ ಜಾವ ತಣ್ಣೀರು ಸುರಿದುಕೊಂಡು ಮಡಿಯುಟ್ಟು ಒಲೆಯ ಮುಂದೆ ಕುಳಿತರೆ ಎಲ್ಲರ ಊಟ ಮುಗಿದ ಮೇಲೆಯೇ ಏಳುವುದು. ದಿನಕ್ಕೊಂದೇ ಊಟ, ಅದೂ ಉಳಿದದ್ದು. ಓಣಿಯ ಜನ ಅವರನ್ನು ಪುಣ್ಯಾತ್ಮಳು ಎನ್ನುತ್ತಿದ್ದರು. ಪುಕ್ಕಟೆ ಅಡುಗೆ ಮಾಡುವವರನ್ನು ಹಾಗೆ ಅನ್ನುವುದು ರೂಢಿ.

ಬಳ್ಳಿಯ ಚಾಕರಿ ಅತ್ಯಾ ಅವರದೇ ಆಗಿತ್ತು. ನಿಜ ಹೇಳಬೇಕೆಂದರೆ ಬಳ್ಳಿಗಳು ಎರಡು. ಒಂದು ಕಾಯಿ ಬಿಡುತ್ತಿತ್ತು. ಇನ್ನೊಂದು ಬರೀ ಹೂ ಬಿಟ್ಟು, ಚಪ್ಪರದ ಮುಕ್ಕಾಲು ಪಾಲು ತಾನೇ ಹಿಡಿದು, ಒಂದು ಕಾಯಿಯನ್ನೂ ಕೊಡದೆ ನಮ್ಮ ಮನೆಯ ಗಂಡಸರ ಹಾಗೆ ಮೆರೆಯುತ್ತಿತ್ತು. ಒಂದು ದಿನ ನಾನು ಕುಡುಗೋಲು ತಂದು ಅದನ್ನು ಕೊಯ್ಯಲು ಹೋದೆ.

“ಏ ಶಾಂತಾ, ಬಿಡದನ್ನ” ಎಂದು ಅತ್ಯಾ ಓಡಿ ಬಂದರು. “ಅದು ಇಲ್ದಿದ್ರ ಇದು ಕಾಯೂದಿಲ್ಲ.”

ನಾನು ಕುಡುಗೋಲು ಕೆಳಗಿಟ್ಟೆ. “ಅತ್ಯಾ, ಊರಾಗ ಯಾರಿಗೂ ಇದರ ಹೆಸರು ಗೊತ್ತಿಲ್ಲ. ನಿಮಗ ಇದರ ಸಂಸಾರದ ವಿಚಾರ ಹ್ಯಾಂಗ ಗೊತ್ತಾತ್ರಿ?”

ಅತ್ಯಾ ಹಿಂದೆ ಮುಂದೆ ನೋಡಿದರು. ಮಾವನವರು ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಅತ್ಯಾ ಬಾವಿಯ ಕಟ್ಟೆಯ ಮೇಲೆ ಕುಳಿತು ನನ್ನನ್ನು ಹತ್ತಿರ ಕರೆದರು. ಮಡಿಯಲ್ಲಿದ್ದುದರಿಂದ ಮುಟ್ಟಲಿಲ್ಲ, ಅಷ್ಟೇ.

“ಇದು ಪರವಲ. ಕಾಶಿ ಕಡೆ ಕಾಯಿಪಲ್ಲೆ” ಎಂದರು. “ನಾ ಗಯಾದಾಗ ಬಿಟ್ಟು ಬಂದದ್ದು ಇದನ್ನ.”

ಈ ಬಿಡುವ ವಿಚಾರವನ್ನು ಹೇಳಬೇಕು. ಕಾಶಿಯಾತ್ರೆಗೆ ಹೋದವರು ಗಯೆಯಲ್ಲಿ ಪಿಂಡ ಹಾಕಿ, ಅಲ್ಲಿಯ ಆಲದ ಮರದ ಕೆಳಗೆ, ಸತ್ತವರ ಸದ್ಗತಿಗಾಗಿ ತಮಗೆ ಬಹಳ ಸೇರುವ ಒಂದು ಕಾಯಿಪಲ್ಲೆ, ಒಂದು ಹಣ್ಣು ಬಿಡಬೇಕು. ಆಮೇಲೆ ಸಾಯುವ ತನಕ ಅದನ್ನು ಬಾಯಿಗೆ ಇಡುವಂತಿಲ್ಲ. ನಮ್ಮ ಓಣಿಯವರು ಇದಕ್ಕೂ ದಾರಿ ಕಂಡುಕೊಂಡಿದ್ದರು. ಹೋದವರೆಲ್ಲ ಹಾಗಲಕಾಯಿ ಬಿಟ್ಟು ಬರುವವರೇ. ಬಾಯಲ್ಲಿ ಒಂದು ಹಲ್ಲಿಲ್ಲದ ಮುದುಕರೊಬ್ಬರು ಕಬ್ಬು ಬಿಟ್ಟು ಬಂದು ಊರೆಲ್ಲ ಹೇಳಿಕೊಂಡಿದ್ದರು. ಎರಡು ವರ್ಷದ ಹಿಂದೆ ಅತ್ಯಾ ತಮ್ಮ ಹತ್ತಿರ ಉಳಿದಿದ್ದ ಕೊನೆಯ ಬಂಗಾರ ಮಾರಿ ನೇಸರಗಿಯ ದಿಗಂಬರಭಟ್ಟರ ತಂಡದ ಜೊತೆ ಯಾತ್ರೆಗೆ ಹೋಗಿ ಬಂದಾಗ, “ಆ ದೇಶದ ಒಂದು ಕಾಯಿಪಲ್ಲೆ ಬಿಟ್ಟೆ, ಇಲ್ಲಿ ಅದು ಸಿಗೂದಿಲ್ಲ” ಎಂದಿದ್ದರು. ನಮ್ಮ ಅಕ್ಕ ಶಾಣ್ಯಾಕಿ ಎಂದು ಮಾವನವರು ಹಿಗ್ಗಿದ್ದರು.

“ಶಾಣ್ಯಾತನ ಎಲ್ಲೀದು ಬಂತವಾ” ಎಂದರು ಅತ್ಯಾ. “ಹಿಂದಿನ ದಿನ ಅಲ್ಲಿ ಪುರೋಹಿತ ಪಂಡಾನ ಮನ್ಯಾಗ ಇದರ ಪಲ್ಯಾ ನೀಡಿದ್ದರು. ನಾ ಹುಟ್ಟಿ ಬೆಳದ ಮ್ಯಾಲೆ, ಬ್ಯಾರೇದವರು ಮಾಡಿ, ನನ್ನ ಕುಂಡ್ರಿಸಿ, ಬಿಸಿಬಿಸಿದು ನೀಡಿದ್ದು ಅದೊಂದ. ಮರುದಿನ ಗಿಡದ ಕೆಳಗ ಕೈಯಾಗ ನೀರು ಹಾಕಿ, ಭಾಳ ಸೇರೂದು ಏನದ ಹೇಳು ಅಂದರು. ಎಲ್ಲಾರೂ ಹಾಗಲಕಾಯಿ ಅಂದರು. ನಾ ಹುಚ್ಚಿ, ಖರೇ ಹೇಳಿಬಿಟ್ಟೆ.”

“ಮತ್ತ ಬಳ್ಳಿ?”

“ಕಾಶಿಗೆ ತಿರುಗಿ ಬಂದಾಗ ಗಂಗಿ ದಂಡಿ ಮಳಲಾಗ ಒಬ್ಬಾಕಿ ಇದರ ಬೇರು ನೆಡಲಿಕ್ಕೆ ಹತ್ತಿದ್ದಳು. ಕೈ ಮುಗದು ಇಸಕೊಂಡೆ. ಗಂಡೊಂದು ಹೆಣ್ಣೊಂದು ಎರಡೂ ಬೇಕು ಅಂತ ಸನ್ನಿ ಮಾಡಿ ತಿಳಿಸಿದಳು.”

“ಅದನ್ನ ಹ್ಯಾಂಗ ಸನ್ನಿ ಮಾಡಿದಳ್ರಿ?”

“ನಿನಗ್ಯಾಕ ಅದು” ಎಂದು ಅತ್ಯಾ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವರು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು. “ಗಂಗಾಮೃತ್ತಿಕಾದ ಗಡಿಗ್ಯಾಗ ಇಟ್ಟುಕೊಂಡು ಬಂದೆ. ತಿನ್ನಲಿಕ್ಕೇ ತಂದೆ, ಸುಳ್ಳು ಯಾಕ ಹೇಳಲಿ. ಆದರ ಇಲ್ಲಿಗೆ ಬಂದ ಮ್ಯಾಲೆ ಅಂಜಿಕಿ ಬಂತು. ಅವರ ಹೆಸರಿಲೆ ಬಿಟ್ಟೇನಿ. ನಾ ತಿಂದು, ಅಲ್ಲಿ ಅವರು ಅರ್ಧಾ ದಾರ್ಯಾಗ ನಿಂತುಬಿಟ್ಟರ? ಅದಕ್ಕ ನೋಡಕೋತ ಇರತೇನಿ. ತ್ರ್ಯಂಬಕಗ ಗೊತ್ತಾದರ ಅದನ್ನೂ ಕೀಳಸತಾನ. ನಿನ್ನ ವ್ರತಾ ಕಾಯಲಿಕ್ಕೇ ಕಿತ್ತೆ ಅಂತಾನ.”

ನನಗೆ ಸಿಟ್ಟು ಬಂತು. ಇಡೀ ಜನ್ಮದಲ್ಲಿ ಒಂದೇ ಒಂದು ರುಚಿ ಕಂಡ ಹೆಂಗಸು, ಅದನ್ನೂ ಸತ್ತ ಗಂಡನಿಗೆ ಕೊಟ್ಟು, ಈಗ ಕೊಟ್ಟಿಗೆಯ ಹಿಂದೆ ನಿಂತು ಕದ್ದು ನೋಡಬೇಕು. ಬಳ್ಳಿ ಉಳಿಯಬೇಕೆಂದರೆ ಅದಕ್ಕೊಂದು ಹೆಸರು ಬೇಕು, ನಿಜವಾದ ಹೆಸರು ಮಾತ್ರ ಬೇಡ. ನಮ್ಮ ಮನೆಯಲ್ಲಿ ಹೆಸರು ಕೊಡುವವರು ಒಬ್ಬರೇ ಇದ್ದರು. ಮಾವನವರು ಎದ್ದು ಮುಖ ತೊಳೆದುಕೊಂಡು ಬಂದಾಗ ನಾನು ಚಹಾದ ಬಟ್ಟಲು ಇಡುತ್ತ, “ಮಾವನೋರ, ಅತ್ಯಾ ಗಂಗಾಮೃತ್ತಿಕಾ ಹಾಕಿದ ಜಾಗಾದಾಗ ಹುಟ್ಟೇದಂತ್ರಿ ಆ ಬಳ್ಳಿ. ಪುರಾಣದಾಗ ಎಲ್ಲೆರೆ ಅದನೋ ಏನೋ. ನಿಮಗ ಬಿಟ್ಟರ ಯಾರಿಗೆ ಗೊತ್ತಿರಬೇಕು” ಎಂದೆ.

ಅಷ್ಟು ಸಾಕಾಯಿತು. ಮಾವನವರು ಚಹಾ ಮರೆತು ಒಳಗೆ ಹೋಗಿ ಹಳೆಯ ಪೋಥಿಗಳನ್ನು ಬಿಚ್ಚಿದರು. ಎರಡು ದಿನ ಕೆಮ್ಮು, ಧೂಳು, ಗೊಣಗಾಟ. ಮೂರನೆಯ ದಿನ ಹೊರಗೆ ಬಂದು ಗಂಭೀರವಾಗಿ ಹೇಳಿದರು:

“ಗಂಗಾಮೃತ್ಸಂಭವಾ ವಲ್ಲೀ ಪಿತೄಣಾಂ ತೃಪ್ತಿದಾಯಿನೀ. ಗಂಗೆಯ ಮಣ್ಣಾಗ ಹುಟ್ಟಿದ ಬಳ್ಳಿ, ಪಿತೃಗಳಿಗೆ ತೃಪ್ತಿ ಕೊಡೂದು. ಇದು ಗಂಗಾವಲ್ಲಿ.”

“ಯಾವ ಪುರಾಣದಾಗ ಅದ?” ಎಂದು ನನ್ನ ಗಂಡ ಕೇಳಿದರು.

“ಪುರಾಣಾಂತರದಾಗ” ಎಂದರು ಮಾವನವರು. ಈ ಪುರಾಣಾಂತರ ಎನ್ನುವುದು ದೊಡ್ಡ ಗ್ರಂಥ. ಬೇಕಾದದ್ದೆಲ್ಲ ಅದರಲ್ಲಿ ಸಿಗುತ್ತದೆ. ಶ್ಲೋಕ ಅವರದೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಎರಡು ದಿನ ಅವರು ಬೆರಳು ಎಣಿಸುತ್ತ ಅಕ್ಷರ ಕೂಡಿಸಿದ್ದನ್ನು ನಾನೇ ನೋಡಿದ್ದೆ. ಆದರೆ ಕಟ್ಟೆಯ ಮೇಲೆ ಒಂದು ವಾರ ಹೇಳಿದ ಮೇಲೆ ಅವರಿಗೇ ಅದು ಮರೆತುಹೋಯಿತು. ಆಮೇಲೆ ಆ ಶ್ಲೋಕ ಹೇಳುವಾಗೆಲ್ಲ ಕೈಮುಗಿಯತೊಡಗಿದರು.

ಬಳ್ಳಿ ಉಳಿಯಿತು. ಕಾಯಿ ಒಲೆಯ ಮೇಲೆ ಏರಿತು. ಅತ್ಯಾ ಮೇಲಿನ ಸಿಪ್ಪೆ ತೆಳ್ಳಗೆ ಹೆರೆದು, ಉದ್ದಕ್ಕೆ ಸೀಳಿ, ಜೀರಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದರು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಅತ್ಯಾ ತಮ್ಮ ಊಟಕ್ಕೆ ಕುಳಿತಾಗ ಮಾತ್ರ, “ನನಗ ಅಷ್ಟು ಸೇರೂದಿಲ್ಲ” ಎಂದು ಮಜ್ಜಿಗೆ ಅನ್ನ ಕಲಸಿಕೊಂಡರು. ಎಲೆಯ ಪಕ್ಕದಲ್ಲಿ ಪಲ್ಯದ ಪಾತ್ರೆಯನ್ನು ಮಾತ್ರ ಮುಚ್ಚದೆ ಇಟ್ಟುಕೊಂಡಿದ್ದರು. ವಾಸನೆಗೆ ವ್ರತವಿಲ್ಲವಲ್ಲ.

ಹೆಚ್ಚು ಬಲ್ಲವರ ಸಂಗಡ ಇದೇ ಫಜೀತಿ, ಒಂದಕ್ಕೆ ಹೋದರೆ ಇನ್ನೊಂದು. ಪಿತೃಗಳಿಗೆ ತೃಪ್ತಿ ಕೊಡುವ ಬಳ್ಳಿ ಎಂದು ತಾವೇ ಹೇಳಿದ ಮೇಲೆ ಶ್ರಾದ್ಧಕ್ಕೆ ಬಡಿಸದೆ ಇರಲು ಮಾವನವರಿಗೆ ಆಗಲಿಲ್ಲ. ಶ್ರಾವಣದ ಕೃಷ್ಣಪಕ್ಷದಲ್ಲಿ ಅತ್ಯಾ ಅವರ ಗಂಡನ ಶ್ರಾದ್ಧ. ಮಕ್ಕಳಿಲ್ಲದ್ದರಿಂದ ಅತ್ಯಾ ದರ್ಭೆ ಕೊಟ್ಟು ತಮ್ಮನ ಕೈಯಿಂದ ಮಾಡಿಸುತ್ತಿದ್ದರು.

“ಈ ಸರತೆ ಭಾವನವರಿಗೆ ಗಂಗಾವಲ್ಲಿ ಪಲ್ಯಾ ಆಗಬೇಕು” ಎಂದರು ಮಾವನವರು.

ಅತ್ಯಾ ಹೂಂ ಎಂದರು. ಓಣಿಯ ಯಾವ ಬ್ರಾಹ್ಮಣನಿಗೂ ಅದರ ಗುರುತಿಲ್ಲ, ಹೆದರಿಕೆಯೇನು ಎಂದು ನಾವಿಬ್ಬರೂ ಧೈರ್ಯವಾಗಿದ್ದೆವು. ಶ್ರಾದ್ಧದ ಬೆಳಿಗ್ಗೆ ಸುದ್ದಿ ಬಂತು. ಸತ್ತವರ ಮಣೆಯ ಮೇಲೆ ಕೂರಬೇಕಾಗಿದ್ದ ಬ್ರಾಹ್ಮಣರು ಹಿಂದಿನ ದಿನ ಇನ್ನೊಂದು ಮನೆಯ ಶ್ರಾದ್ಧದಲ್ಲಿ ವಡೆ ಹೆಚ್ಚು ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದ್ದಾರೆ. ಮಾವನವರು ಗಾಬರಿಯಾಗಲಿಲ್ಲ.

“ಚಿಂತಿ ಇಲ್ಲ. ನೇಸರಗಿ ದಿಗಂಬರಭಟ್ಟರು ರಾತ್ರಿ ಬಸ್ಸಿಗೆ ಮಠಕ್ಕ ಬಂದಾರಂತ. ಅವರನ್ನ ಕರದು ಬಂದೇನಿ” ಎಂದರು.

ಕಾಶಿಯಾತ್ರೆ ಮಾಡಿಸಿದವರು. ಗಯೆಯಲ್ಲಿ ಅತ್ಯಾ ಅವರ ಕೈಗೆ ನೀರು ಹಾಕಿದವರು. ಅತ್ಯಾ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಕುಳಿತುಬಿಟ್ಟರು. ಪಲ್ಯ ಆಗಲೇ ಒಲೆಯ ಮೇಲಿತ್ತು. ಶ್ರಾದ್ಧಕ್ಕೆಂದು ಮಾಡಿದ ಅಡುಗೆಯನ್ನು ಬಡಿಸದೆ ಬಿಡುವಂತಿಲ್ಲ.

“ಆತು ಬಿಡು ಶಾಂತಾ” ಎಂದರು ಅತ್ಯಾ. “ಇವತ್ತಿಗೆ ಬಳ್ಳಿ ಮುಗೀತು.”

ದಿಗಂಬರಭಟ್ಟರು ಎಲೆಯ ಮುಂದೆ ಕುಳಿತರು. ಶ್ರಾದ್ಧದ ಊಟದಲ್ಲಿ ಬ್ರಾಹ್ಮಣರು ಮಾತಾಡಬಾರದು, ಅಡುಗೆ ಹೀಗಿದೆ ಹಾಗಿದೆ ಎನ್ನಬಾರದು. ಆ ಹೊತ್ತು ಅವರು ಅವರಲ್ಲ, ಸತ್ತವರು. ಮಾವನವರು ಪಲ್ಯ ಬಡಿಸಿದರು. ದಿಗಂಬರಭಟ್ಟರು ಒಂದು ಹೋಳು ಎತ್ತಿ ನೋಡಿದರು. ಹುಬ್ಬು ಮೇಲೆ ಹೋಯಿತು. ಬಾಯಿಗೆ ಹಾಕಿಕೊಂಡು ಅಗಿದರು, ಕಣ್ಣು ದೊಡ್ಡದಾಯಿತು. “ಹೂಂ, ಹೂಂ” ಎಂದು ಅಡುಗೆಮನೆಯ ಕಡೆ ಬೆರಳು ತೋರಿಸಿದರು. ಮಾವನವರು ಇನ್ನಷ್ಟು ಬೇಕೆಂದು ತಿಳಿದು ಮತ್ತೆ ಬಡಿಸಿದರು. ದಿಗಂಬರಭಟ್ಟರು ತಲೆ ಅಲ್ಲಾಡಿಸಿದರು, ಆದರೆ ತಿಂದರು. ಮತ್ತೆ ಹೂಂಗುಟ್ಟಿದರು, ಮತ್ತೆ ಬಡಿಸಿದರು, ಮತ್ತೆ ತಿಂದರು. ಹೇಳಬೇಕಾದ ಮಾತು ಗಂಟಲಲ್ಲಿ, ಪಲ್ಯವೂ ಗಂಟಲಲ್ಲಿ. ಮನುಷ್ಯನಿಗೆ ಇದಕ್ಕಿಂತ ಕಷ್ಟ ಯಾವುದಿದೆ?

ಊಟ ಮುಗಿದು ಮಾವನವರು ಪದ್ಧತಿಯ ಪ್ರಕಾರ ಸಂಸ್ಕೃತದಲ್ಲಿ ಕೇಳಿದರು: ತೃಪ್ತರಾದಿರಾ? ದಿಗಂಬರಭಟ್ಟರು ಜೀವಮಾನದ ಅಭ್ಯಾಸದಂತೆ, ತೃಪ್ತರಾದೆವು ಎಂದರು. ಉಳಿದ ಅನ್ನವನ್ನು ಏನು ಮಾಡಲಿ? ಇಷ್ಟರಾದವರೊಡನೆ ಉಣ್ಣಿರಿ ಎಂದರು. ಪಿಂಡ ಹಾಕಿದ್ದಾಯಿತು, ಆಶೀರ್ವಾದವೂ ಆಯಿತು. ದಕ್ಷಿಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಕೂಡಲೇ ದಿಗಂಬರಭಟ್ಟರ ಬಾಯಿ ಬಿಚ್ಚಿತು.

“ತ್ರ್ಯಂಬಕಭಟ್ಟರ, ಇದು ಪರವಲ. ನಿಮ್ಮ ಅಕ್ಕ ಗಯಾದಾಗ ಗಂಡನ ಸಲುವಾಗಿ ಬಿಟ್ಟ ಕಾಯಿ. ನಾನ ನೀರು ಹಾಕೇನಿ. ಅದನ್ನ ಹಿತ್ತಲದಾಗ ಬೆಳದು ಪಲ್ಯಾ ಮಾಡ್ಯಾರಲ್ಲ, ಏನಿದು?”

ಮಾವನವರು ಒಂದು ಗಳಿಗೆ ತಮ್ಮ ಶ್ಲೋಕವನ್ನು ನೆನೆದರೋ ಏನೋ, ಮುಖ ಕಪ್ಪಿಟ್ಟಿತು. ಆಮೇಲೆ ಸಿಟ್ಟು ಬಂತು. “ಅಕ್ಕಾ” ಎಂದು ಕೂಗಿದರು. “ನಿನಗ ಗೊತ್ತಿತ್ತು? ಬಾಳ್ಯಾ, ಕುಡಗೋಲು ತಾ. ಮೊದಲ ಅದನ್ನ ಕಿತ್ತು ಒಗೀತೇನಿ.”

ನನ್ನ ಗಂಡ ಕುಡುಗೋಲು ತರಲು ಎದ್ದರು. ಅತ್ಯಾ ಅಡುಗೆಮನೆಯಿಂದ ಹೊರಗೆ ಬಂದರು. ಕೈಯಲ್ಲಿ ಉಳಿದ ಪಲ್ಯದ ಪಾತ್ರೆ.

“ಕುಂಡ್ರು ಬಾಳ್ಯಾ” ಎಂದರು. ನನ್ನ ಗಂಡ ಕುಳಿತರು.

“ದಿಗಂಬರಭಟ್ಟರ, ನಾ ಒಂದು ಮಾತ ಕೇಳತೇನಿ. ಈಗ ಮಣೀ ಮ್ಯಾಲೆ ಕುಂತು ಉಂಡವರು ಯಾರ್ರಿ? ನೀವೋ, ನಮ್ಮವರೋ?”

ದಿಗಂಬರಭಟ್ಟರು ಸೊಂಟದ ಗಂಟು ಮುಟ್ಟಿ ನೋಡಿಕೊಂಡರು. ತಾವು ಎಂದರೆ ಶ್ರಾದ್ಧ ಸುಳ್ಳು, ಸೊಂಟದಲ್ಲಿದ್ದ ದಕ್ಷಿಣೆಯೂ ಸುಳ್ಳು. “ನಿಮ್ಮ ಯಜಮಾನರು” ಎಂದರು ಮೆಲ್ಲಗೆ.

“ಅವರ ಸಲುವಾಗಿ ನಾ ಇದನ್ನ ಬಿಟ್ಟಿದ್ದೆ. ಅವರ ಬಂದು, ಮೂರು ಸರತೆ ನೀಡಿಸಿಕೊಂಡು ಉಂಡರು. ತೃಪ್ತಿ ಆತು ಅಂದರು. ಉಳದದ್ದನ್ನ ಇಷ್ಟದವರ ಕೂಡ ಉಣ್ರಿ ಅಂದರು. ನಾ ಅವರಿಗೆ ಇಷ್ಟದಾಕಿ ಹೌದೋ ಅಲ್ಲೋ? ಬದುಕಿದ್ದಾಗ ಒಂದು ದಿವಸನೂ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಇವತ್ತ ಅವರ ಬಾಯಿ ನಿಮ್ಮ ಹಂತ್ಯಾಕ ಅದ. ಅಲ್ಲ ಅನ್ನೂದಿದ್ದರ ಅಂದುಬಿಡ್ರಿ. ಬಳ್ಳಿ ನಾನ ಕೀಳತೇನಿ.”

ದಿಗಂಬರಭಟ್ಟರು ಅತ್ಯಾ ಅವರನ್ನು ನೋಡಿದರು, ನೆಲ ನೋಡಿದರು. ಹೊಟ್ಟೆಬಾಕ, ಬಾಯಿಬಡುಕ, ಆದರೆ ಕೆಟ್ಟ ಮನುಷ್ಯನಲ್ಲ ಎಂದು ನನಗೆ ಅನ್ನಿಸಿದ್ದು ಆಗ.

“ಹೌದು” ಎಂದರು. “ಇಷ್ಟದಾಕಿ. ಉಣ್ರಿ ನೀವು.” ಅಂಗವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ಮಠದ ಕಡೆ ನಡೆದರು. ಮಾವನವರು ಅವರನ್ನು ಕಳಿಸುವ ನೆಪದಿಂದ ಹಿಂದೆಯೇ ಹೋದರು.

ನಾನು ಅಡುಗೆಮನೆಯಲ್ಲಿ ಎಲೆ ಹಾಕಿದೆ. ಅತ್ಯಾ ಅವರನ್ನು ಕೂರಿಸಿ, ಅನ್ನ ಹಾಕಿ, ಪಲ್ಯವನ್ನು ಕೆಂಡದ ಮೇಲೆ ಬೆಚ್ಚಗೆ ಮಾಡಿ ನಾನೇ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. ನುಂಗಿ, ನನ್ನ ಮುಖ ನೋಡಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ಗಾಬರ್ಯಾಗ ಉಪ್ಪು ಹಾಕೂದ ಮರತೇನಿ ಶಾಂತಾ” ಎಂದರು. “ಉಪ್ಪು ಒಂದು ಹಳ್ಳು ಕಡಿಮಿ ಆದರ ತಾಟು ಎತ್ತಿ ಅಂಗಳಕ್ಕ ಒಗೀತಿದ್ದ ಮನಷ್ಯಾ. ಇವತ್ತ ಸಪ್ಪಂದು ಮೂರು ಸರತೆ ಉಂಡು, ಚಕಾರ ಎತ್ತದ ಹೋದರು. ಸತ್ತ ಮ್ಯಾಲೆ ಭಾಳ ಸುಧಾರಿಸ್ಯಾರ.”